ಗೆಳೆಯರ ಮನೆಗೆ ಹತ್ತಿ ಹೋಗುವ ದಾರಿ

ನೆಲಮಾರ್ಗವಾಗಿ, ಜೊತೆಗಾರರಿಲ್ಲದೆ, ಕಠ್ಮಂಡುವಿನ ಗೆಳೆಯರ ಮನೆಗೆ ಹೊರಡುವವರು ಯಾವ ಗಡಿಯನ್ನು ದಾಟಬೇಕೆಂಬ ಪ್ರಶ್ನೆಯನ್ನು ಈ ವಾರ ಇತ್ಯರ್ಥಗೊಳಿಸುವುದಾಗಿ ಅಂಕಣವು ಮಾತು ಕೊಟ್ಟಿತ್ತು. ಉತ್ತರ ಪ್ರದೇಶದ ಸುನೌಲಿಯೋ ಬಿಹಾರದ ರಕ್ಸೌಲೋ ಎಂಬ ಈ ವಾದ ಹಳೆಯದು. ತಮ್ಮ ದಾರಿಯಲ್ಲಿ ಬಸ್ಸುಗಳು ಹೆಚ್ಚು, ಕಡಿದಾದ ತಿರುವುಗಳು ಕಡಿಮೆ, ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ಕಠ್ಮಂಡು ಬಂದಿರುತ್ತದೆ ಎಂಬುದು ಸುನೌಲಿ ಪಕ್ಷದವರ ಸಮರ್ಥನೆ. ಈ ಕೊನೆಯ ಗುಣವೇ ಆ ದಾರಿಯ ದೊಡ್ಡ ದೋಷವೆಂಬುದು ಈ ಅಂಕಣದ ಬದಲಾಗದ ನಿಲುವು. ಸಮುದ್ರಮಟ್ಟದಿಂದ ನೂರು ಮೀಟರಿನ ಆಸುಪಾಸಿನಲ್ಲಿರುವ ತರಾಯಿಯಿಂದ, ಅಂದರೆ ಹಿಮಾಲಯದ ಬುಡದಲ್ಲಿ ಹಬ್ಬಿರುವ ಗಂಗಾ ಬಯಲಿನ ಅಂಚಿನಿಂದ, ಸುಮಾರು 1,400 ಮೀಟರ್ ಎತ್ತರದ ಕಣಿವೆಗೆ ಏರುವವರು ಆ ಏರನ್ನು ನಿದ್ದೆಯಲ್ಲಿ ಕಳೆದರೆ, ಬಯಲಿಗೂ ತಮ್ಮೂರಿಗೂ ನಡುವೆ ಗೆಳೆಯರು ಪ್ರತಿಸಲ ಏನನ್ನು ಹಾಯ್ದು ಹೋಗುತ್ತಾರೆಂಬುದು ಅವರಿಗೆ ತಿಳಿಯದೆಯೇ ಉಳಿಯುತ್ತದೆ. 2024ರ ಜುಲೈನಲ್ಲಿ ಭೂಕುಸಿತವು ಎರಡು ಬಸ್ಸುಗಳನ್ನು ನಸುಕಿಗೆ ಮುನ್ನ ತ್ರಿಶೂಲಿ ನದಿಗೆ ತಳ್ಳಿದ ದುರಂತ ನಡೆದದ್ದು ಅದೇ ಮಾರ್ಗದ ನಾರಾಯಣಘಾಟ್–ಮುಗ್ಲಿಂಗ್ ರಸ್ತೆಯಲ್ಲಿ. ಮಳೆಗಾಲದಲ್ಲಿ ಅಲ್ಲಿನ ಯಾವ ಘಟ್ಟದ ರಸ್ತೆಯನ್ನೂ ನಂಬುವಂತಿಲ್ಲವಾದ್ದರಿಂದ ಪಯಣವನ್ನು ಕಾರ್ತಿಕ, ಮಾರ್ಗಶಿರಗಳಿಗೆ ಇಟ್ಟುಕೊಳ್ಳುವುದೇ ಸರಿ.

ರಕ್ಸೌಲಿನ ಪಕ್ಷಕ್ಕೆ ಇತಿಹಾಸದ ಬೆಂಬಲವಿದೆ. 1927ರಲ್ಲಿ ರಕ್ಸೌಲಿನಿಂದ ಅಮಲೇಖಗಂಜಿನವರೆಗೆ ಕಿರುರೈಲು ಬಂದ ಮೇಲೂ ಭೀಮಫೇದಿಯಿಂದ ಮುಂದೆ ಕಾಲ್ದಾರಿಯೇ ಗತಿಯಾಗಿತ್ತು. ಚೀಸಾಪಾನಿ ಗಢಿ, ಕುಲೇಖಾನಿ, ಚಿತ್ಲಾಂಗ್‌ಗಳನ್ನು ಹಾಯ್ದು, ಚಂದ್ರಾಗಿರಿಯ ನೆತ್ತಿಯಿಂದ ಥಾನಕೋಟಿಗೆ ಇಳಿಯಬೇಕಿತ್ತು. ನೇಪಾಳವನ್ನು ಆಳುತ್ತಿದ್ದ ರಾಣಾ ದೊರೆಗಳ ಮೋಟಾರು ಕಾರುಗಳೂ ಹೊರೆಯಾಳುಗಳ ಹೆಗಲ ಮೇಲೆ ಇದೇ ದಾರಿಯಲ್ಲಿ ಕಣಿವೆಯನ್ನು ಸೇರಿದವು. ಭಾರತೀಯ ಸೇನೆಯ ಎಂಜಿನಿಯರುಗಳು 1953ರಲ್ಲಿ ಕೈಗೆತ್ತಿಕೊಂಡು 1956ರ ಹೊತ್ತಿಗೆ ತೆರೆದ ತ್ರಿಭುವನ ರಾಜಪಥವು ಈ ಕಾಲ್ದಾರಿಯನ್ನು ಬಿಟ್ಟು, ಪಶ್ಚಿಮಕ್ಕೆ ಬಳಸಿ, 2,488 ಮೀಟರ್ ಎತ್ತರದ ಸಿಂಭಂಜ್ಯಾಂಗ್ ಕಣಿವೆಬಾಯಿಯನ್ನು ಏರುತ್ತದೆ. ನೇಪಾಳಿಯಲ್ಲಿ ‘ಭಂಜ್ಯಾಂಗ್’ ಎಂದರೆ ಎರಡು ಬೆಟ್ಟಗಳ ನಡುವೆ ತಗ್ಗಿದ, ದಾರಿ ದಾಟುವ ಜಾಗ. ಅದರಾಚೆಗಿನ ದಾಮನ್ ಎಂಬ ಹಳ್ಳಿಯಿಂದ ತಿಳಿಯಾದ ಮುಂಜಾವಿನಲ್ಲಿ ಧವಳಗಿರಿಯಿಂದ ಎವರೆಸ್ಟ್‌ವರೆಗಿನ ಹಿಮಶಿಖರಗಳ ಸಾಲು ಕಾಣುತ್ತದೆ. ಬೆಂಗಳೂರಿನಿಂದ ಸಂಘಮಿತ್ರಾ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ದಿನ ಕುಳಿತು ಪಟ್ನಾಕ್ಕೂ, ಅಲ್ಲಿಂದ ಚಂಪಾರಣ್ಯದ ಮೋತಿಹಾರಿಯ ಮೇಲೆ ಹಾಯ್ದು ರಕ್ಸೌಲಿಗೂ ಬಂದವರು ಒಂದೇ ಹಗಲಿನಲ್ಲಿ ಬಿದಿರಿನಿಂದ ಪೈನ್ ಮರಕ್ಕೂ ಬೆವರಿನಿಂದ ಕಂಬಳಿಗೂ ದಾಟುವ ಸುಖ ಇನ್ನಾವ ಗಡಿಯಲ್ಲೂ ಇಷ್ಟು ಇಡಿಯಾಗಿ ಸಿಗುವುದಿಲ್ಲ. ಈಗ ಬೆಟ್ಟದ ಬುಡದ ಹೇಟೌಡಾ ಪಟ್ಟಣದಿಂದ ‘ಸುಮೋ’ ಎಂದೇ ಕರೆಯುವ ಬಾಡಿಗೆ ಜೀಪುಗಳು ಭೀಮಫೇದಿ–ಕುಲೇಖಾನಿಯ ಇಕ್ಕಟ್ಟಿನ ರಸ್ತೆಯಲ್ಲಿ ಬೇಗ ತಲುಪಿಸುತ್ತವೆ; ಹಳೆಯ ಕಾಲ್ದಾರಿಗೆ ಹತ್ತಿರವಿರುವುದು ಆ ರಸ್ತೆಯೇ ಆದ್ದರಿಂದ ಅದರ ಬಗ್ಗೆ ಇಲ್ಲಿ ತಕರಾರಿಲ್ಲ.

ಒಬ್ಬಂಟಿ ಪಯಣದ ಶಾಸ್ತ್ರಕಾರರೆಂದು ಒಬ್ಬರನ್ನೇ ಹೆಸರಿಸಬೇಕಾದರೆ ಅದು ರಾಹುಲ ಸಾಂಕೃತ್ಯಾಯನರನ್ನು. ಅಲೆಮಾರಿತನಕ್ಕೆ ಶಾಸ್ತ್ರದ ಸ್ಥಾನ ಕೊಟ್ಟ ಅವರ ‘ಘುಮಕ್ಕಡ ಶಾಸ್ತ್ರ’ವು ಬ್ರಹ್ಮಸೂತ್ರದ ಮೊದಲ ಸೂತ್ರದ ಧಾಟಿಯಲ್ಲೇ ಆರಂಭವಾಗುತ್ತದೆ. ರಾಣಾ ಆಳ್ವಿಕೆಯಲ್ಲಿ ಹೊರಗಿನವರು ಕಣಿವೆಗೆ ಹೋಗಲು ರಾಹದಾನಿ, ಅಂದರೆ ದಾರಿಯ ಪರವಾನಗಿ ಪತ್ರ, ಬೇಕಾಗಿದ್ದು, ಶಿವರಾತ್ರಿಯ ಯಾತ್ರಿಕರಿಗೆ ಮಾತ್ರ ಬಾಗಿಲು ತೆರೆದಿರುತ್ತಿತ್ತು. 1929ರಲ್ಲಿ ಟಿಬೆಟ್ಟಿಗೆ ಹೊರಟ ಸಾಂಕೃತ್ಯಾಯನರು ಆ ಜಾತ್ರೆಯ ಜನಸಂದಣಿಯಲ್ಲೇ ನೇಪಾಳವನ್ನು ಹೊಕ್ಕರು. ಒಂಟಿಯಾಗಿ ಹೋಗುವುದಕ್ಕೆ ಈಗಲೂ ಕಾರಣವಿದೆ: ಜೊತೆಗೊಬ್ಬರಿದ್ದರೆ ಪಯಣಿಗರ ಮಾತು ಅವರಲ್ಲೇ ಸುತ್ತುತ್ತದೆ. ಒಬ್ಬರೇ ಇದ್ದರೆ ಪಕ್ಕದ ಸೀಟಿನವರ ಊರು, ಮಕ್ಕಳು, ಕತಾರಿಗೆ ದುಡಿಯಲು ಹೋದ ತಮ್ಮ, ಎಲ್ಲವೂ ಹೇಟೌಡಾ ಬರುವ ಮೊದಲೇ ತಿಳಿಯುತ್ತದೆ.

ದಾರಿಯ ಬದಿಯಲ್ಲಿ ನಿಂತು ನೋಡಬೇಕಾದ ವಸ್ತುವೊಂದಿದೆ, ಅದು ‘ಚೌತಾರಿ’. ಆಲ ಮತ್ತು ಅರಳಿಯನ್ನು ಜೊತೆಯಾಗಿ ನೆಟ್ಟು ಸುತ್ತಲೂ ಕಲ್ಲು ಕಟ್ಟಿದ ಈ ಜಗಲಿಯು ನಮ್ಮ ಅರಳಿಕಟ್ಟೆಯಂತೆಯೇ ಕಂಡರೂ ಅದರ ಅಳತೆ ಬೇರೆ. ಬೆಟ್ಟದ ಹೊರೆಯಾಳು ‘ಡೋಕೊ’ ಎಂಬ ಬಿದಿರಿನ ಬುಟ್ಟಿಯನ್ನು ಬೆನ್ನಿಗಿಟ್ಟು, ‘ನಾಮ್ಲೊ’ ಎಂಬ ಪಟ್ಟಿಯನ್ನು ಹಣೆಗೆ ಕೊಟ್ಟು ಹೊರುವುದರಿಂದ, ಕುಳಿತರೆ ಮತ್ತೆ ಏಳುವುದು ಕಷ್ಟ. ಆದ್ದರಿಂದ ನಿಂತಲ್ಲೇ ಬುಟ್ಟಿಯ ತಳ ಕಲ್ಲಿಗೆ ತಾಗುವಷ್ಟು ಎತ್ತರಕ್ಕೆ ಒಂದು ಮೆಟ್ಟಿಲನ್ನು ಕಟ್ಟಿರುತ್ತಾರೆ. ತಲೆಹೊರೆಯವರಿಗಾಗಿ ನಮ್ಮ ಹಳೆಯ ದಾರಿಗಳಲ್ಲಿ ಎರಡು ಕಂಬಗಳ ಮೇಲೆ ಅಡ್ಡಚಪ್ಪಡಿ ಹೊದಿಸಿ ನಿಲ್ಲಿಸಿದ ಹೊರೆಗಲ್ಲುಗಳನ್ನು ಕಂಡವರಿಗೆ, ಒಂದೇ ದಣಿವಿಗೆ ಎರಡು ನಾಡುಗಳು ತಲೆಯ ಅಳತೆಯಲ್ಲೊಂದು, ಬೆನ್ನಿನ ಅಳತೆಯಲ್ಲೊಂದು ಕಲ್ಲು ಕಟ್ಟಿದ್ದು ಕೂಡಲೇ ಹೊಳೆಯುತ್ತದೆ.

ಗಡಿಯ ವಾದವನ್ನು ಇಲ್ಲಿಗೇ ಬಿಡಬೇಕಾಗಿದೆ, ಏಕೆಂದರೆ ಈ ದಾರಿಯಲ್ಲಿ ಅದಕ್ಕಿಂತ ದೊಡ್ಡ ಸಂಗತಿಯೊಂದಿದೆ. ರಕ್ಸೌಲನ್ನು ದಾಟಿ ವೀರಗಂಜನ್ನು ಹೊಗುವವರು ಶಂಕರಾಚಾರ್ಯ ದ್ವಾರವೆಂಬ ಕಮಾನಿನ ಕೆಳಗೆ ಹಾಯುತ್ತಾರೆ. ಕಠ್ಮಂಡುವಿನ ಪಶುಪತಿನಾಥದ ಪೂಜೆಗೆ ದಕ್ಷಿಣದ ಅರ್ಚಕರನ್ನು ನೇಮಿಸಿದವರು ಶಂಕರರೆಂಬುದು ಸಂಪ್ರದಾಯದ ನಂಬಿಕೆ. ‘ಭಟ್ಟ’ರೆಂದೇ ಹೆಸರಾದ, ಬಹುಮಟ್ಟಿಗೆ ಕರ್ನಾಟಕದವರಾದ ಆ ಅರ್ಚಕರು ಮಾತ್ರವೇ ಲಿಂಗವನ್ನು ಮುಟ್ಟಬಹುದು, ಅವರ ಸಹಾಯಕರಾದ ಸ್ಥಳೀಯ ಭಂಡಾರಿಗಳು ಮುಟ್ಟುವಂತಿಲ್ಲ ಎಂಬ ಕಟ್ಟಳೆ ಶತಮಾನಗಳಿಂದ ಉಳಿದು ಬಂದಿದೆ, 2009ರಲ್ಲಿ ಅದನ್ನು ಬದಲಿಸುವ ಯತ್ನವು ದೊಡ್ಡ ವಿವಾದವಾಗಿ, ದಕ್ಷಿಣದ ಅರ್ಚಕರೇ ಮುಂದುವರಿದರು. ರೈಲು, ರಸ್ತೆಗಳಿಲ್ಲದ ಕಾಲದಲ್ಲಿ ತಮ್ಮ ಊರಿನಿಂದ ಹೊರಟು ತಿಂಗಳುಗಟ್ಟಲೆ ನಡೆದು ಈ ಬೆಟ್ಟವನ್ನು ಏರಿದ ಭಟ್ಟರು ದಾರಿಯ ಕಥನವನ್ನು ಬರೆದಿಟ್ಟಿದ್ದರೆ ಕನ್ನಡದ ಪ್ರವಾಸ ಸಾಹಿತ್ಯದ ಆರಂಭವನ್ನೇ ಹಿಂದಕ್ಕೆ ಸರಿಸಬೇಕಾಗುತ್ತಿತ್ತು.

ಅವರಲ್ಲದೆ ಇನ್ನೊಬ್ಬನೂ ಇದ್ದಾನೆ. ವೀರಗಂಜಿಗೆ ಪೂರ್ವದಲ್ಲಿ, ಬಾರಾ ಜಿಲ್ಲೆಯ ಗಡಿಯಂಚಿನಲ್ಲಿ, ಸಿಮ್ರೌನ್‌ಗಢದ ಮಣ್ಣಿನ ಕೋಟೆಯ ದಿಬ್ಬಗಳಿವೆ. 1097ರಲ್ಲಿ ಮಿಥಿಲೆಯಲ್ಲಿ ಆಳ್ವಿಕೆ ಆರಂಭಿಸಿದ ನಾನ್ಯದೇವನ ಕರ್ಣಾಟ ವಂಶದ ರಾಜಧಾನಿ ಅದು. ಕಲ್ಯಾಣದ ಚಾಲುಕ್ಯರ ದಂಡಯಾತ್ರೆಗಳೊಡನೆ ಈ ಮನೆತನ ಉತ್ತರಕ್ಕೆ ಬಂದಿರಬೇಕೆಂದು ಹಲವು ಇತಿಹಾಸಕಾರರು ಊಹಿಸುತ್ತಾರೆ. ನಾನ್ಯದೇವನು ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದ ವಿದ್ವಾಂಸನೂ ಹೌದು. 1324ರಲ್ಲಿ ಘಿಯಾಸುದ್ದೀನ್ ತುಘಲಕನ ಸೇನೆ ನಗರವನ್ನು ಮುರಿದಾಗ ಕೊನೆಯ ಅರಸ ಹರಿಸಿಂಹದೇವ ಬೆಟ್ಟಗಳತ್ತ ಓಡಿದನು. ಅವನು ಕಣಿವೆಯನ್ನು ಮುಟ್ಟದೆ ದಾರಿಯಲ್ಲೇ ತೀರಿಕೊಂಡನು, ರಾಣಿ ದೇವಲದೇವಿ ಕಣಿವೆಯ ಭಕ್ತಪುರದಲ್ಲಿ ಆಶ್ರಯ ಪಡೆದಳು. ಸುನೌಲಿಯ ರಾತ್ರಿ ಬಸ್ಸಿಗೆ ಟಿಕೆಟ್ ಕೊಳ್ಳುವ ಕನ್ನಡಿಗರು ಬಿಟ್ಟುಹೋಗುವುದು ಈ ದಿಬ್ಬಗಳನ್ನು.

ನೇಪಾಳದ ಗಡಿಯಾರ ಭಾರತದ್ದಕ್ಕಿಂತ 15 ನಿಮಿಷ ಮುಂದಿದೆ. ಅದನ್ನು ವೀರಗಂಜಿನಲ್ಲೇ ತಿರುಗಿಸಿಕೊಂಡು, ಚೀಲದಲ್ಲಿ ಗೆಳೆಯರಿಗೆಂದು ಅರ್ಧ ಕಿಲೋ ಕಾಫಿ ಪುಡಿ ಇಟ್ಟುಕೊಂಡು ರಾಜಪಥವನ್ನು ಏರಿದವರು, ನಡುವೆ ದಾಮನ್‌ನಲ್ಲಿ ದಾಲ್–ಭಾತ್ ಉಂಡು, ಸಂಜೆಗತ್ತಲಲ್ಲಿ ಕಠ್ಮಂಡುವಿಗೆ ಅಂಟಿಕೊಂಡ ಪಾಟನ್ನಿನ ಯಾವುದೋ ಅಂಗಳವನ್ನು ಹುಡುಕಿಕೊಂಡು ತಲುಪುತ್ತಾರೆ. ಬಾಗಿಲಲ್ಲಿ ಎದುರಾಗುವ ಮೊದಲ ಮಾತು ‘ಭಾತ್ ಖಾನು ಭಯೋ?’ ಎಂಬುದು, ನಮ್ಮ ‘ಊಟ ಆಯ್ತಾ?’ ಎಂಬುದಕ್ಕೆ ಸಾಟಿಯಾಗುವಂತೆ. ದಾಮನ್‌ನಲ್ಲಿ ಆಯಿತೆಂದು ಹೇಳಿದರೆ ಸಾಕು, ಆ ದಾರಿಯಲ್ಲಿ ಈಗ ಯಾರು ಬರುತ್ತಾರೆ ಎನ್ನುತ್ತ ಮನೆಯ ಹಿರಿಯರು ಒಳಗಿನಿಂದ ಎದ್ದು ಬರುತ್ತಾರೆ.