ಅಕ್ಷರವೆಂಬ ಶಬ್ದಕ್ಕೆ ಅಕ್ಷರಗಳೆಷ್ಟು?

2024ರ ಏಪ್ರಿಲ್ 16ರಂದು ಹೊರಬಂದ ಫೈರ್‌ಫಾಕ್ಸ್ 125ನೆಯ ಆವೃತ್ತಿಯಲ್ಲಿ ಪಾಪ್‌ಓವರ್ ಸೌಲಭ್ಯವು ಕೊನೆಗೂ ದೊರೆತ ಸಂಗತಿಯನ್ನು ವಿವರಿಸಬೇಕೆಂದು ಈ ವಾರ ಬರೆಯಲು ಕುಳಿತವನು, ಅದೇ ಆವೃತ್ತಿಯ ಪಟ್ಟಿಯಲ್ಲಿ ಪಠ್ಯವನ್ನು ಖಂಡಗಳಾಗಿ ವಿಭಜಿಸಿಕೊಡುವ ಜಾವಾಸ್ಕ್ರಿಪ್ಟ್ ಸಾಧನವಾದ ಇಂಟ್ಲ್ ಸೆಗ್ಮೆಂಟರ್‌ನ ಹೆಸರನ್ನು ಕಂಡೊಡನೆ ಪಾಪ್‌ಓವರನ್ನು ಮರೆತೆನು. ಕ್ರೋಮ್ 2020ರಲ್ಲಿಯೂ ಸಫಾರಿ 2021ರಲ್ಲಿಯೂ ಇದನ್ನು ಅಂಗೀಕರಿಸಿದ್ದವು. ಇನ್ನು ಮೇಲೆ ಇದನ್ನು ಧೈರ್ಯವಾಗಿ ನೆಚ್ಚಬಹುದು.

ಪದದ ಲೆಂಗ್ತ್ ಕೇಳಿ ಬಂದ ಸಂಖ್ಯೆಯನ್ನೇ ಅಕ್ಷರಸಂಖ್ಯೆಯೆಂದು ನಂಬುವ ಪಂಥದೊಡನೆ ನನ್ನ ವ್ಯಾಜ್ಯ ಹಳೆಯದು. ‘ಅಕ್ಷರ’ ಎಂಬ ಶಬ್ದವನ್ನೇ ತೆಗೆದುಕೊಳ್ಳೋಣ. ಜಾವಾಸ್ಕ್ರಿಪ್ಟ್ ಇದರಲ್ಲಿ ಐದನ್ನು ಎಣಿಸುತ್ತದೆ: ಅಕಾರ, ಕಕಾರ, ಹಲಂತ ಚಿಹ್ನೆ, ಷಕಾರ, ರಕಾರ. ಅದು ಸಂಕೇತಗಳ ಗಣನೆಯೇ ಹೊರತು ಅಕ್ಷರಗಳದಲ್ಲ. ಛಂದೋಂಬುಧಿಯನ್ನು ರಚಿಸಿದ ನಾಗವರ್ಮನ ಪರಂಪರೆಯಲ್ಲಿ ಓದಿದ ಯಾರಿಗಾದರೂ ಇಲ್ಲಿರುವುದು ಮೂರೇ ಅಕ್ಷರ. ಒತ್ತಕ್ಷರವು ತಾನು ಒಂದಾಗಿಯೇ ಉಳಿದು ತನ್ನ ಹಿಂದಿನ ಅಕ್ಷರವನ್ನು ಗುರುವಾಗಿಸುವುದರಿಂದ ಒಂದು ಗುರು, ಎರಡು ಲಘು ಸೇರಿ ಅದು ಭಗಣವಾಗುತ್ತದೆ. ಇಪ್ಪತ್ತಕ್ಷರದ ಉತ್ಪಲಮಾಲೆಯ ಪಾದವು ಆರಂಭವಾಗುವುದೂ ಭಗಣದಿಂದಲೇ ಆದುದರಿಂದ, ಈ ಶಬ್ದವನ್ನು ಪಾದದ ಮೊದಲಿಗಿಟ್ಟು ಪದ್ಯ ಕಟ್ಟಲು ಯಾವ ಅಡ್ಡಿಯೂ ಇಲ್ಲ. ಸಾವಿರ ವರ್ಷದಿಂದ ಕಿವಿಯು ಅರಿತಿರುವ ಈ ಲೆಕ್ಕವನ್ನು ಯಂತ್ರವೂ ಅರಿಯಲಿ ಎಂಬುದೇ ನನ್ನ ಹಂಬಲ.

ಸೆಗ್ಮೆಂಟರ್ ಆ ಹಂಬಲವನ್ನು ಪೂರೈಸಿತೇ? ಗ್ರಾಫೀಮ್ ಮಾನದಿಂದ, ಅಂದರೆ ಓದುಗನಿಗೆ ಒಂದೇ ಅಕ್ಷರವೆನಿಸುವ ಘಟಕಗಳಾಗಿ, ವಿಭಜಿಸಿ ನೋಡಿದೆನು. ನಾಲ್ಕು ಖಂಡಗಳು ಬಂದವು: ಅ, ಕ್, ಷ, ರ. ಗುಣಿತಾಕ್ಷರಗಳನ್ನು ಅದು ಒಡೆಯುವುದಿಲ್ಲ, ಸ್ವರಚಿಹ್ನೆಯು ವ್ಯಂಜನದೊಡನೆಯೇ ನಿಲ್ಲುತ್ತದೆ. ಒತ್ತಕ್ಷರವನ್ನು ಮಾತ್ರ ಸೀಳುತ್ತದೆ. 2023ರ ಯುನಿಕೋಡ್ 15.1ರಲ್ಲಿ ಸಂಯುಕ್ತಾಕ್ಷರವನ್ನು ಅಖಂಡವಾಗಿ ಕಾಪಾಡುವ ನಿಯಮವು ಸೇರಿತಾದರೂ, ಅದು ಆಗ ಅನ್ವಯಿಸಿದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಎಂಬ ಆರು ಲಿಪಿಗಳಿಗೆ ಮಾತ್ರ. ತೆಲುಗಿನಲ್ಲಿ ‘ಸ್ತ್ರೀ’ ಒಂದೇ ಖಂಡ. ಅದರ ಸೋದರ ಲಿಪಿಯಾದ ಕನ್ನಡದಲ್ಲಿ ಮೂರು. ಇದು ನನ್ನನ್ನು ನಿಜವಾಗಿ ನೋಯಿಸಿತು.

ನಾನು ಬಳಸುವ ಒಂದು ಆ್ಯಪ್ ಸ್ನೇಹಿತರ ಹೆಸರಿನ ಮೊದಲಕ್ಷರವನ್ನು ಪುಟ್ಟ ವೃತ್ತದಲ್ಲಿ ತೋರಿಸುತ್ತದೆ. ಶ್ರೀನಿವಾಸನ ವೃತ್ತದಲ್ಲಿ ಇಷ್ಟು ಕಾಲ ಬರಿಯ ‘ಶ’ ಇದ್ದಿತು. ಅದರ ಕರ್ತೃಗಳು ಸೆಗ್ಮೆಂಟರನ್ನು ಇದ್ದಂತೆಯೇ ಬಳಸಿದರೆ ಅಲ್ಲಿ ‘ಶ್’ ಕಾಣಿಸಿಕೊಂಡೀತು, ಮೊದಲಿನದಕ್ಕಿಂತಲೂ ವಿಕಾರವಾಗಿ. ಆದರೆ ಪರಿಹಾರವು ನಾಲ್ಕೈದು ಸಾಲಿನ ಕೆಲಸ: ಖಂಡವೊಂದು ಹಲಂತ ಚಿಹ್ನೆಯಲ್ಲಿ ಮುಗಿದು ಮುಂದಿನ ಖಂಡವು ವ್ಯಂಜನದಿಂದ ಮೊದಲಾದರೆ ಎರಡನ್ನೂ ಕೂಡಿಸತಕ್ಕದ್ದು. ‘ಕರ್ನಾಟಕ’ದ ಐದು ಖಂಡಗಳು ಆಗ ನ್ಯಾಯವಾದ ನಾಲ್ಕಾಗುತ್ತವೆ.

ಒತ್ತು ಬೇಡವಾದೆಡೆ ಏನು ಗತಿ ಎಂದು ಕೇಳುವವರಿಗೆ ಈ ಬ್ರೌಸರಿನ ಹೆಸರೇ ಉತ್ತರ. ‘ಫೈರ್‌ಫಾಕ್ಸ್’ ಎಂದು ಬರೆಯುವಾಗ ರೇಫದ ಮುಂದೆ, ಅದು ಫಕಾರದೊಡನೆ ಬೆಸೆದುಕೊಳ್ಳದಂತೆ, ಕಣ್ಣಿಗೆ ಕಾಣದ ನಾನ್‌ಜಾಯಿನರ್ ಒಂದನ್ನು ಇಟ್ಟಿರುತ್ತೇವೆ; ಆ ಖಂಡವು ಹಲಂತದಲ್ಲಿ ಮುಗಿಯದೆ ನಾನ್‌ಜಾಯಿನರಿನಲ್ಲಿ ಮುಗಿಯುವುದರಿಂದ ನಮ್ಮ ನಿಯಮವು ಅದನ್ನು ಮುಟ್ಟುವುದಿಲ್ಲ; ಕೊನೆಯ ‘ಕ್ಸ್’ ಅನ್ನು ಮಾತ್ರ ಕೂಡಿಸುತ್ತದೆ.