ಟೇಲರ್ ಸಾಹೇಬನ ಜಾತಕ

ಕರ್ನಲ್ ಮೆಡೋಸ್ ಟೇಲರನ ಆತ್ಮಕಥೆಯನ್ನು ನಮ್ಮವರು ಓದುವುದು ಹೆಚ್ಚಾಗಿ ಸುರಪುರದ ಇತಿಹಾಸಕ್ಕೆ ಆಧಾರವೆಂದು. ಇಸವಿಗಳನ್ನೂ ಹೆಸರುಗಳನ್ನೂ ಹೆಕ್ಕಿಕೊಂಡು ಪುಸ್ತಕವನ್ನು ಮುಚ್ಚಿಬಿಡುವುದು ರೂಢಿಯಾಗಿದೆ. ಅದನ್ನು ಬರೆದವನು ಕೈ ಪಳಗಿದ ಕಾದಂಬರಿಕಾರನೆಂಬುದನ್ನು ಮರೆತರೆ ಆ ಆಧಾರದಿಂದಲೇ ನಾವು ಮೋಸಹೋಗುತ್ತೇವೆಂದು ನನ್ನ ಎಣಿಕೆ.

ಟೇಲರನು ಹುಟ್ಟಿದ್ದು 1808ರಲ್ಲಿ, ಲಿವರ್‌ಪೂಲಿನಲ್ಲಿ. ಹದಿನಾರು ತುಂಬುವ ಮೊದಲೇ, 1824ರಲ್ಲಿ, ಮುಂಬಯಿಯ ಒಬ್ಬ ವ್ಯಾಪಾರಿಯ ಬಳಿ ಕೆಲಸಕ್ಕೆಂದು ಹಡಗು ಹತ್ತಿ ಬಂದ. ಕೇಳಿದ್ದ ಸಿರಿವಂತಿಕೆ ಆ ಅಂಗಡಿಯಲ್ಲಿ ಕಾಣಲಿಲ್ಲ. ಬಂಧುವೊಬ್ಬನ ವಶೀಲಿಯಿಂದ ಅದೇ ವರ್ಷ ನಿಜಾಮನ ಸೈನ್ಯದಲ್ಲಿ ಅಧಿಕಾರಿಯಾದ. ಕಂಪನಿಯ ಸೈನ್ಯವಲ್ಲ, ನಿಜಾಮನದು. ಈ ಭೇದ ಅಂಗಾಲಿನ ಮುಳ್ಳಿನಂತೆ ಪುಸ್ತಕದುದ್ದಕ್ಕೂ ಅವನನ್ನು ಚುಚ್ಚುತ್ತಿರುತ್ತದೆ. ಕಂಪನಿಯ ಅಧಿಕಾರಿಗಳ ಕಣ್ಣಿನಲ್ಲಿ ಅವನು ಯಾವಾಗಲೂ ಒಂದು ಮೆಟ್ಟಿಲು ಕೆಳಗಿನವನು. 1839ರಲ್ಲಿ ಠಗ್ಗರ ಮೇಲಿನ ಕಾದಂಬರಿಯಿಂದ ಇಂಗ್ಲೆಂಡಿನಲ್ಲಿ ಹೆಸರಾದದ್ದು ಅವನಿಗೆ ಅಷ್ಟೊಂದು ಹಿತವಾಗಿರಲು ಇದೂ ಒಂದು ಕಾರಣವಿದ್ದೀತು.

1841ರಲ್ಲಿ ಅವನನ್ನು ಸುರಪುರಕ್ಕೆ ಕಳಿಸಿದರು. ದೊರೆ ತೀರಿದ್ದ, ಮಗ ವೆಂಕಟಪ್ಪನಾಯಕ ಇನ್ನೂ ಹುಡುಗ, ಅಧಿಕಾರ ರಾಣಿ ಈಶ್ವರಮ್ಮನ ಕೈಯಲ್ಲಿ. 1853ರವರೆಗೆ ಆ ಬೇಡರ ಸಂಸ್ಥಾನವನ್ನು ನಡೆಸಿದವನು ಟೇಲರನೇ. ಕೆರೆ ಕಟ್ಟಿಸಿದ್ದು, ಲೆಕ್ಕ ಸರಿಪಡಿಸಿದ್ದು, ಹುಡುಗನಿಗೆ ಓದು ಕಲಿಸಿದ್ದು, ಇವನ್ನೆಲ್ಲ ಆತ ಸಡಗರವಿಲ್ಲದೆ ಬರೆಯುತ್ತಾನೆ. ಈ ಪುಟಗಳ ಗದ್ಯ ನನಗೆ ಬಹಳ ಮೆಚ್ಚಿಗೆ. ಹುಡುಗ ದೊರೆ ಅವನನ್ನು ಕರೆಯುತ್ತಿದ್ದುದು ‘ಅಪ್ಪಾ’ ಎಂದು. ಇಂಗ್ಲಿಷ್ ಪುಸ್ತಕದ ನಡುವೆ ನಮ್ಮ ಈ ಮಾತು ಕಂಡಾಗ ಕನ್ನಡ ವಾಚಕನಿಗೆ ಮೈ ಜುಮ್ಮೆನ್ನದೆ ಇರದು.

ಇನ್ನು ಯುದ್ಧದ ಮಾತು. 1857ರಲ್ಲಿ ಟೇಲರನು ಕತ್ತಿ ಹಿರಿಯಲಿಲ್ಲ. ರೆಸಿಡೆಂಟನು ಅವನನ್ನು ಬೇರಾರದ ಬುಲ್ಡಾಣಾಕ್ಕೆ ಅಟ್ಟಿದ. ಕೊಡಲು ಪಡೆಯಿಲ್ಲ, ಕೈಲಾದಷ್ಟು ಮಾಡು ಎಂಬುದೇ ಅಪ್ಪಣೆ. ಸೈನ್ಯವಿಲ್ಲದ ಸೇನಾಧಿಕಾರಿ ಊರೂರಿನ ಪಟೇಲರ ಜೊತೆ ಮಾತಾಡಿ ಸೀಮೆಯನ್ನು ಶಾಂತವಾಗಿಟ್ಟ. ಜನರಲ್ ವಿಟ್‌ಲಾಕನ ಫಿರಂಗಿಗಳನ್ನು ಎಳೆಯಲು ಎತ್ತುಗಳನ್ನು ಹೊಂದಿಸಿಕೊಟ್ಟದ್ದನ್ನು ಕೋಟೆ ಗೆದ್ದವನ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಯುದ್ಧವೆಂದರೆ ಮುಕ್ಕಾಲು ಪಾಲು ಎತ್ತು, ಜೋಳ, ಹುಲ್ಲು ಎಂಬ ಅರಿವು ಈ ಪುಟಗಳಲ್ಲಿ ಇದ್ದಷ್ಟು ಆ ಕಾಲದ ವೀರಾವೇಶದ ಬರಹಗಳಲ್ಲಿ ನನಗೆ ಕಂಡಿಲ್ಲ.

ಅತ್ತ 1858ರ ಫೆಬ್ರುವರಿಯಲ್ಲಿ ಸುರಪುರ ಎದ್ದಿತು. ಕ್ಯಾಪ್ಟನ್ ನ್ಯೂಬೆರಿ ಬಿದ್ದ. ಕರ್ನಲ್ ಮಾಲ್ಕಮ್ ದಂಡಿನೊಡನೆ ಬಂದ. ದೊರೆ ತಪ್ಪಿಸಿಕೊಂಡು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕ. ಸೆರೆಯಲ್ಲಿ ಟೇಲರನು ಅವನನ್ನು ಕಂಡ ಪ್ರಸಂಗವೇ ಈ ಗ್ರಂಥದ ಹೃದಯ. ಚಿತಾವಣೆ ಮಾಡಿದವರ ಹೆಸರುಗಳನ್ನು ಹುಡುಗನ ಬಾಯಿಯಿಂದ ತಿಳಿಯಬೇಕೆಂದು ಸರಕಾರದ ಇಚ್ಛೆ. ಅದಕ್ಕೆ ‘ಅಪ್ಪ’ನಿಗಿಂತ ತಕ್ಕವರಾರು? ಹುಡುಗ ಅಪ್ಪನನ್ನು ತಬ್ಬಿಕೊಂಡ, ಹೆಸರುಗಳನ್ನು ಮಾತ್ರ ಹೇಳಲಿಲ್ಲ. ಸೆರೆಮನೆಯ ಬಾಳಿಗಿಂತ ಸಾವೇ ಲೇಸೆಂದನೆಂದು ಟೇಲರನೇ ಬರೆದಿದ್ದಾನೆ. ತನ್ನನ್ನು ಸೋಲಿಸಿದ ಈ ಮೌನವನ್ನು ಮುಚ್ಚಿಡದೆ ಬರೆದದ್ದು ದೊಡ್ಡ ಗುಣ.

ಮರಣದಂಡನೆ ಮೊದಲು ಜೀವಾವಧಿ ಗಡೀಪಾರಾಯಿತು. ಬಳಿಕ ಗವರ್ನರ್ ಜನರಲನ ಕೃಪೆಯಿಂದ ನಾಲ್ಕು ವರ್ಷಗಳ ಸೆರೆಯಾಯಿತು. ಮದರಾಸಿನ ಕಡೆ ಕರೆದೊಯ್ಯುವಾಗ ದಾರಿಯ ಬಿಡಾರದಲ್ಲಿ, ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿನಿಂದ ದೊರೆ ತೀರಿಕೊಂಡ. ಟೇಲರನು ಅಲ್ಲಿರಲಿಲ್ಲ, ಬರೆದದ್ದೆಲ್ಲ ಕೇಳಿದ ಮಾತು. ಆ ಮಾತಿನ ಬೆನ್ನಿಗೇ ಜಾತಕ ಬರುತ್ತದೆ. ಹುಡುಗ 24ನೆಯ ವಯಸ್ಸಿನಲ್ಲಿ ಸಾಯುವನೆಂದು ಎಳವೆಯಲ್ಲೇ ಬ್ರಾಹ್ಮಣರು ಹೇಳಿದ್ದರಂತೆ. ಆ ಗುಟ್ಟು ಟೇಲರನಿಗೆ ಸುರಪುರದ ದಿನಗಳಿಂದಲೇ ತಿಳಿದಿತ್ತಂತೆ. ಈಗ ಅದು ನಿಜವಾಯಿತು.

ಇಲ್ಲಿಯೇ ನನ್ನ ತಕರಾರು. ಟೇಲರನು ಸುಳ್ಳು ಹೇಳಿದನೆಂದು ನಾನು ಅನ್ನುವುದಿಲ್ಲ. ಜಾತಕವಿದ್ದೀತು, ಆತ ನಂಬಿಯೂ ಇದ್ದಾನು. ಆದರೆ ಅದನ್ನು ಇಟ್ಟ ಜಾಗ ನೋಡಬೇಕು. ಸಾವು ಹಣೆಬರಹವಾದ ಕೂಡಲೇ ಯಾರನ್ನೂ ಏನನ್ನೂ ಕೇಳುವಂತಿಲ್ಲ. ಹನ್ನೆರಡು ವರ್ಷ ಸಾಕಿದ ಮೇಲೂ ಹುಡುಗ ಏಕೆ ತಿರುಗಿಬಿದ್ದ? ಸಂಸ್ಥಾನದ ಬಾಗಿಲಿಗೆ ದಂಡು ಏಕೆ ಬಂತು? ಈ ಪ್ರಶ್ನೆಗಳು ಏಳುವ ಹೊತ್ತಿಗೆ ಗ್ರಹಗತಿ ಬಂದು ಅವನ್ನು ಮಲಗಿಸಿಬಿಡುತ್ತದೆ. ವಾಚಕನು ಅಳುತ್ತಾನೆ, ಕೇಳುವುದಿಲ್ಲ. ಅತ್ತವರಲ್ಲಿ ನಾನೂ ಒಬ್ಬ.

ಇದು ಟೇಲರನ ಕಲೆಯ ರೂಢಿಯೆಂಬುದಕ್ಕೆ ಅವನ ಕಾದಂಬರಿಗಳೇ ಸಾಕ್ಷಿ. 1863ರ ‘ತಾರಾ’ದ ಕತೆ ನಡೆಯುವುದು 1657ರಲ್ಲಿ, 1865ರ ‘ರಾಲ್ಫ್ ಡಾರ್ನೆಲ್’ ಪ್ಲಾಸಿ ಕದನದ 1757ರದು, 1872ರ ‘ಸೀತಾ’ 1857ರದು. ನೂರು ವರ್ಷಕ್ಕೊಂದು ಗಂಡಾಂತರ! ಇತಿಹಾಸವನ್ನೂ ಜಾತಕದಂತೆ ಕುಂಡಲಿ ಹಾಕಿ ನೋಡುವ ಕಣ್ಣು ಇದು. ಮೂರೂ ಬಂದದ್ದು ಸುರಪುರದ ದೊರೆ ಸತ್ತ ಮೇಲೆ ಎಂಬುದನ್ನೂ ಗಮನಿಸಬೇಕು.

ರಾಣಿ ಈಶ್ವರಮ್ಮನಿಗೆ ಮಾತ್ರ ಇಂಥ ಕರುಣೆಯ ಪಾಲು ಸಿಕ್ಕಿಲ್ಲ. ಅವಳು ತಂತ್ರಗಾರ್ತಿ, ದುರ್ನಡತೆಯವಳು. ಟೇಲರನ ಈ ಮಾತನ್ನು ನಮ್ಮವರೂ ಪರೀಕ್ಷಿಸದೆ ಒಪ್ಪಿಕೊಂಡಿದ್ದಾರೆ. ಮಗನನ್ನೂ ಸಂಸ್ಥಾನವನ್ನೂ ಪರದೇಶದ ಸರದಾರನಿಗೆ ಒಪ್ಪಿಸಬೇಕಾಗಿ ಬಂದ ವಿಧವೆ ಬೇರೆ ಹೇಗೆ ನಡೆಯಬೇಕಿತ್ತು? ಇನ್ನೊಂದು ಮೌನವೂ ಇದೆ. ಟೇಲರನ ಹೆಂಡತಿ ಮೇರಿ, ಹೈದರಾಬಾದಿನ ಸಾವುಕಾರ ವಿಲಿಯಂ ಪಾಮರನ ಮಗಳು. ಪಾಮರನ ತಾಯಿ ಈ ನಾಡಿನ ಮುಸಲ್ಮಾನ ಹೆಂಗಸು. ‘ಸೀತಾ’ದಲ್ಲಿ ಆಂಗ್ಲ ಅಧಿಕಾರಿಗೂ ಹಿಂದೂ ಹೆಣ್ಣಿಗೂ ಮದುವೆ ಮಾಡಿಸುವ ಧೈರ್ಯ ತೋರಿದವನು ತನ್ನ ಮನೆಯ ಈ ಕತೆಯನ್ನು ಆತ್ಮಕಥೆಯೊಳಗೆ ತರಲಿಲ್ಲ.

ನಮ್ಮ ದಿಗ್ಗೇವಾಡಿಯ ಮೂಡಣಕ್ಕೆ, ಮುಧೋಳದ ಸೀಮೆಯಲ್ಲಿ ಹಲಗಲಿ ಇದೆ. 1857ರ ನವೆಂಬರಿನಲ್ಲಿ ಅಲ್ಲಿಯ ಬೇಡರ ಮೇಲೆ ಹೋದವನು ಇದೇ ಮಾಲ್ಕಮ್. ಆ ಲಾವಣಿಯನ್ನು ಫ್ಲೀಟ್ ಸಾಹೇಬನು 1880ರ ದಶಕದಲ್ಲಿ ಅಚ್ಚು ಹಾಕಿಸಿದ. ಲಾವಣಿಕಾರನು ದೈವವನ್ನು ನಂಬದವನಲ್ಲ. ಆದರೂ ಅವನ ಕತೆ ಹುಟ್ಟುವುದು ಆಯುಧ ಒಪ್ಪಿಸಿರೆಂಬ ಹುಕುಮಿನಿಂದ, ಮುಗಿಯುವುದು ಊರಿನ ನಾಶದಲ್ಲಿ. ಯಾರು ಬಂದರು, ಏನು ಕೇಳಿದರು, ಯಾರು ಬಿದ್ದರು ಎಂಬುದನ್ನು ಹೆಸರು ಹಿಡಿದು ಹಾಡುತ್ತಾನೆ. ತರಗತಿಯಲ್ಲಿ ಇವೆರಡನ್ನೂ ಒಟ್ಟಿಗೆ ಓದಿಸಿದಾಗ ಹುಡುಗರು ಲಾವಣಿಯ ಬೇಡರನ್ನು ಮೆಚ್ಚಿದರು, ಟೇಲರನ ದೊರೆಗಾಗಿ ಮರುಗಿದರು. ಲಾವಣಿಯಲ್ಲಿ ಅವರಿಗೆ ಶತ್ರು ಕಾಣಿಸಿದ್ದ; ಟೇಲರನ ಪುಸ್ತಕದಲ್ಲಿ ಕಾಣಿಸಲಿಲ್ಲ.

ದೊರೆ ಸತ್ತ ವರ್ಷವೇ ಟೇಲರನು ಸುರಪುರಕ್ಕೆ ಮರಳಿ ಬಂದ, ಈ ಸಲ ಸರಕಾರದ ಕೈವಶವಾದ ಸೀಮೆಯ ಕಮಿಷನರನಾಗಿ. ಜನ ಪ್ರೀತಿಯಿಂದಲೇ ಎದುರುಗೊಂಡರೆಂದು ಬರೆಯುತ್ತಾನೆ, ಸುಳ್ಳಿರಲಾರದು. 1860ರಲ್ಲಿ ಮೈ ಕೆಟ್ಟು ಊರಿಗೆ ಹೊರಟ. ಅದೇ ವರ್ಷ ಸರಕಾರವು ಸುರಪುರವನ್ನು, ದಂಗೆಯಲ್ಲಿ ತನ್ನ ಪಕ್ಷ ಬಿಡದ ನಿಜಾಮನಿಗೆ ಇನಾಮು ಕೊಟ್ಟಿತು. ಜಾತಕಕ್ಕೆ ಪುಟಗಳನ್ನೇ ಕೊಟ್ಟ ಲೇಖಕನು ಈ ಇನಾಮಿನ ಮೇಲೆ ಬಹಳ ಹೊತ್ತು ನಿಲ್ಲುವುದಿಲ್ಲ.