ಠ ಹೊಟ್ಟೆಯೊಳಗಿನ ಚುಕ್ಕೆ

ಗೃಹಪ್ರವೇಶದ ಆಮಂತ್ರಣವೊಂದರ ಕರಡು ತಿದ್ದುತ್ತಿದ್ದೆ. ‘ಮಠದ ಬೀದಿ’ ಎಂದಿರಬೇಕಾದಲ್ಲಿ ‘ಮರದ ಬೀದಿ’ ಎಂದು ಕಂಡಿತು. ತಿದ್ದೋಣವೆಂದು ಹಿಗ್ಗಿಸಿ ನೋಡಿದರೆ ಅಕ್ಷರ ಸರಿಯಾಗಿಯೇ ಇದೆ, ಠ ಹೊಟ್ಟೆಯೊಳಗಿನ ಚುಕ್ಕೆ ಮಾತ್ರ ಮಸುಕಿನಲ್ಲಿ ಮುಳುಗಿಹೋಗಿದೆ. ಧ, ಫ, ಭಗಳ ಬುಡದ ಸೀಳೂ ಹಾಗೆಯೇ ಕಲೆಸಿಹೋಗಿತ್ತು. ಹನ್ನೆರಡು ವರ್ಷದ ನನ್ನ ಲ್ಯಾಪ್‌ಟಾಪ್ ಹಿಂದಿನ ಸಂಜೆಯಷ್ಟೇ ರಿಪೇರಿ ಅಂಗಡಿಯಿಂದ ಮನೆಗೆ ಬಂದಿತ್ತು. ‘ಡಿಸ್‌ಪ್ಲೇ ಬಂತಲ್ಲ ಸಾರ್’ ಎಂದು ಹುಡುಗ ಹೇಳಿದ್ದ. ಬಂದಿತ್ತು, ನಿಜ.

ನನ್ನ ತಕರಾರಿರುವುದು ಈ ‘ಬಂತಲ್ಲ’ ಎಂಬ ಅಳತೆಗೋಲಿನ ಬಗ್ಗೆಯೇ. ಆ ಕಾಲದ ಬಹುಪಾಲು ಲ್ಯಾಪ್‌ಟಾಪ್‌ಗಳ ಪರದೆಯಲ್ಲಿ ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕಿಗಳು. ಅಂಗಡಿಯಿಂದ ಬಂದ ಮೇಲೆ ನನ್ನದರಲ್ಲಿ 1024×768 ಮಾತ್ರ ಇತ್ತು. ಅಂದರೆ ಮೂರು ಚುಕ್ಕಿಯ ಚಿತ್ರವನ್ನು ನಾಲ್ಕು ಚುಕ್ಕಿಯ ಜಾಗಕ್ಕೆ ಎಳೆದು ಹಾಸಿದಂತೆ. ಗುಂಡಗಿನ ಚಕ್ರ ಮೊಟ್ಟೆಯಾಗುತ್ತದೆ, ಮುಖಗಳು ಊದಿಕೊಳ್ಳುತ್ತವೆ. ಇಂಗ್ಲಿಷ್ ಓದುವವರು ಹೇಗೋ ಸಹಿಸಿಯಾರು. ಒಂದು ಚುಕ್ಕೆ, ಒಂದು ಸೀಳಿನ ಮೇಲೆ ಅರ್ಥ ನಿಂತಿರುವ ಕನ್ನಡಕ್ಕೆ, ಅದರಲ್ಲೂ ಒತ್ತಕ್ಷರದ ಕೆಳಗೆ ಇನ್ನೊಂದು ಒತ್ತು ಬಂದಾಗ, ಇದು ತಡೆಯುವ ಮಾತಲ್ಲ.

ಡಿವೈಸ್ ಮ್ಯಾನೇಜರ್ ತೆರೆದರೆ ಗುಟ್ಟು ಬಯಲಾಯಿತು. ‘ಡಿಸ್‌ಪ್ಲೇ ಅಡಾಪ್ಟರ್ಸ್’ ಕೆಳಗೆ ಗ್ರಾಫಿಕ್ಸ್ ಚಿಪ್ಪಿನ ಹೆಸರೇ ಇಲ್ಲ. ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಕೂತಿದೆ. ಇದು ಬದಲಿ ಮೇಷ್ಟ್ರಿದ್ದ ಹಾಗೆ. ತರಗತಿ ಖಾಲಿ ಬಿಡುವುದಿಲ್ಲ, ಪಾಠವನ್ನೂ ಮಾಡುವುದಿಲ್ಲ. ಯಂತ್ರ ಚಾಲೂ ಆಗುವಾಗ ಬಯಾಸ್ ಯಾವ ಗಾತ್ರ ಕೊಟ್ಟಿತೋ ಅದರಲ್ಲೇ ದಿನ ದೂಡುತ್ತದೆ. ಪರದೆಯ ಬೆಳಕು ಹೆಚ್ಚುಕಡಿಮೆ ಮಾಡುವ ಕೀಲಿ ಸತ್ತಿರುವುದು, ವಿಡಿಯೊ ಹಾಕಿದರೆ ಫ್ಯಾನ್ ಭೋರ್ಗರೆಯುವುದು ಎಲ್ಲ ಇದರದೇ ಲಕ್ಷಣ. ಪ್ರತಿ ಪರದೆಯೂ ತನ್ನ ಜಾತಕವನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಇಡಿಐಡಿ ಎಂಬ 128 ಬೈಟಿನ ಪುಟ್ಟ ದಾಖಲೆ ಅದು. ಸಹಜ ಗಾತ್ರವೆಷ್ಟೆಂಬುದು ಅದರಲ್ಲೇ ಇರುತ್ತದೆ. ಅದನ್ನು ಓದಿ ನಡೆಸಿಕೊಡಬೇಕಾದ ಡ್ರೈವರೇ ಇಲ್ಲದಿದ್ದರೆ ಜಾತಕ ಇದ್ದು ಏನು ಬಂತು?

ಅಂಗಡಿಗಳ ಪದ್ಧತಿ ನಮಗೆಲ್ಲ ಗೊತ್ತು. ‘ಫಾರ್ಮ್ಯಾಟ್ ಹೊಡೀಬೇಕು’ ಎನ್ನುತ್ತಾರೆ, ಆಮೇಲೆ ಪೆನ್‌ಡ್ರೈವಿನ ಡ್ರೈವರ್ ಪ್ಯಾಕ್ ಸುರಿಯುತ್ತಾರೆ. ವೇಗವಿದೆ, ಒಪ್ಪೋಣ, ಸರದಿಯಲ್ಲಿ ಹತ್ತು ಯಂತ್ರ ಕಾಯುತ್ತಿರುವಾಗ ಒಂದೊಂದರ ಜಾತಕ ಓದುತ್ತ ಕೂರಲಾಗದು. ಆದರೂ ನೆಗಡಿಗೆಂದು ಮೂಗು ಕೊಯ್ಯುವ ಈ ವೈದ್ಯ ನನಗೆ ಒಪ್ಪಿಗೆಯಿಲ್ಲ. ಅಕ್ಷರ ಸರಿಯಾಗಿ ಕಾಣುತ್ತಿಲ್ಲವೆಂದು ದೂರಿದರೆ ಸ್ಕೇಲನ್ನು ಶೇಕಡಾ 125ಕ್ಕೆ ತಿರುಗಿಸಿ ಕಳಿಸುವುದಂತೂ ಮಸುಕನ್ನೇ ದೊಡ್ಡದು ಮಾಡಿ ಕೊಟ್ಟಂತೆ. ಡಿವೈಸ್ ಮ್ಯಾನೇಜರಿನ ‘ಹಾರ್ಡ್‌ವೇರ್ ಐಡಿ’ ನೋಡಲು ಒಂದು ನಿಮಿಷ ಸಾಕು. ಅಲ್ಲಿ 8086 ಎಂದಿದ್ದರೆ ಚಿಪ್ಪು ಇಂಟೆಲ್‌ನದು. ಇಂಟೆಲ್ 1978ರಲ್ಲಿ ತಂದ ಹೆಸರಾಂತ ಪ್ರೊಸೆಸರಿನ ಸಂಖ್ಯೆಯೇ ಅದರ ಗುರುತು! 10ಡಿಇ ಇದ್ದರೆ ಎನ್‌ವಿಡಿಯಾ. ಮುಂದಿನ ಸಂಖ್ಯೆ ಯಾವ ಚಿಪ್ಪೆಂದು ಹೇಳುತ್ತದೆ, ಹುಡುಕಬೇಕಾದದ್ದು ಅದರ ಡ್ರೈವರನ್ನು.

ಹುಡುಕಿದರೆ ಸಿಗಬೇಕಲ್ಲ! ಅಂಗಡಿಯವರ ಪರವಾಗಿ ಹೇಳಬೇಕಾದ ಮಾತೂ ಇದೆ. ಚಿಪ್ಪಿನ ಕಂಪನಿಯ ಡ್ರೈವರ್ ಹಾಕಹೋದರೆ, ಈ ಕಂಪ್ಯೂಟರಿಗೆ ಇದನ್ನು ಪರೀಕ್ಷಿಸಿಲ್ಲ, ಲ್ಯಾಪ್‌ಟಾಪ್ ತಯಾರಕರನ್ನೇ ಕೇಳಿ ಎಂಬ ಅರ್ಥದ ಸಂದೇಶ ಕೊಟ್ಟು ನಿಂತುಬಿಡುವುದುಂಟು. ತಯಾರಕರ ಬಳಿ ಹೋದರೆ ಆ ಮಾಡೆಲ್ಲಿಗೆ ವಿಂಡೋಸ್ 7ರಿಂದಾಚೆಗೆ ಏನೂ ಇಲ್ಲ. 2019ರಲ್ಲಿ ಇಂಟೆಲ್ ತನ್ನ ತಾಣದಿಂದ ಹಳೆಯ ಡ್ರೈವರ್, ಬಯಾಸ್‌ಗಳನ್ನು ತೆಗೆಯತೊಡಗಿತು. ಹಳೆ ಕಡತ ಇಟ್ಟುಕೊಳ್ಳಲು ಎಷ್ಟು ಜಾಗ ಬೇಕಿತ್ತೋ!

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಂಥ ಯಂತ್ರಗಳನ್ನು ಹತ್ತಿರ ಸೇರಿಸುವುದಿಲ್ಲ. ಉಳಿದದ್ದು ಲಿನಕ್ಸ್. ಈ ರೋಗದ ಮಟ್ಟಿಗೆ ನನ್ನ ಮೆಚ್ಚುಗೆ ಅದಕ್ಕೇ. ಇಂಟೆಲ್‌ನ ಹಳೆಯ ಗ್ರಾಫಿಕ್ಸಿಗೆ ಬೇಕಾದ ಐ915 ಡ್ರೈವರ್ ಲಿನಕ್ಸಿನ ಮೂಲಭಾಗವಾದ ಕರ್ನಲ್ಲಿನೊಳಗೇ ಇದೆ, ಯಾರ ತಾಣವನ್ನೂ ಕಾಡಬೇಕಿಲ್ಲ. ಹಾಗಂತ ಮೊದಲ ದಿನವೇ ನೆಟ್ಟಗಾಗಲಿಲ್ಲ. ‘ಸೇಫ್ ಗ್ರಾಫಿಕ್ಸ್’ ಆರಿಸಿ ಇನ್‌ಸ್ಟಾಲ್ ಮಾಡಿದ್ದರಿಂದ ಮತ್ತೆ ಅದೇ 1024. ಗೆಳೆಯರು ಪರದೆಯ ಗಾತ್ರ ಬದಲಿಸುವ ಎಕ್ಸ್‌ರ‍್ಯಾಂಡರ್ ಮಂತ್ರ ಹೇಳಿಕೊಟ್ಟರು. 1366 ಕೇಳಿದರೆ ಎಂಟರ ಲೆಕ್ಕಕ್ಕೆ ಹೊಂದಿಸಿ 1368 ಕೊಡುವ ಸಿವಿಟಿ ಲೆಕ್ಕಾಚಾರ, ಅದನ್ನು ಹೊಸ ಮೋಡ್ ಎಂದು ಸೇರಿಸುವ ಇನ್ನೆರಡು ಸಾಲು. ನಿಜವಾದ ಡ್ರೈವರೇ ಎದ್ದಿಲ್ಲದಾಗ ಈ ಮಂತ್ರ ಬರೀ ಎರರ್ ಉಗುಳುತ್ತದೆ. ಎಷ್ಟೋ ಜನ ‘ಲಿನಕ್ಸ್ ಆಗಿಬರಲ್ಲ’ ಎಂದು ಕೈಬಿಡುವುದು ಇಲ್ಲೇ. ತಪ್ಪಿದ್ದದ್ದು ಲಿನಕ್ಸನ್ನು ಎಬ್ಬಿಸುವ ಗ್ರಬ್‌ನ ಕಡತದಲ್ಲಿ ಉಳಿದುಹೋಗಿದ್ದ ಒಂದೇ ಪದದಲ್ಲಿ: ‘ನೋಮೋಡ್‌ಸೆಟ್’. ಅದು ಇರುವವರೆಗೂ ಡ್ರೈವರ್ ಪರದೆಯ ಗೊಡವೆಗೆ ಹೋಗುವುದಿಲ್ಲ. ಅಳಿಸಿ, ಗ್ರಬ್ ಅಪ್‌ಡೇಟ್ ಮಾಡಿ, ರೀಸ್ಟಾರ್ಟ್ ಮಾಡಿದೆ. ಪರದೆ ಒಮ್ಮೆ ಕಣ್ಣು ಮುಚ್ಚಿ ತೆರೆಯಿತು, ಅಕ್ಷರಗಳೆಲ್ಲ ಚೂಪಾದವು.

ಲಿನಕ್ಸಿಗೂ ಮಿತಿಯಿದೆ. 2011ರ ಕೊನೆಗೆ ಬಂದ ಕೆಲವು ಆಟಮ್ ನೆಟ್‌ಬುಕ್‌ಗಳ ಜಿಎಂಎ 3600 ಹೆಸರಿಗೆ ಇಂಟೆಲ್‌ನದು, ಒಳಗಿನ ತಿರುಳು ಇಮ್ಯಾಜಿನೇಶನ್ ಟೆಕ್ನಾಲಜೀಸ್‌ನ ಪವರ್‌ವಿಆರ್. ತನ್ನ ಸ್ವಂತ ಚಿಪ್ಪುಗಳ ಕೈಪಿಡಿಯನ್ನು ಇಂಟೆಲ್ 2008ರಿಂದ ಎಲ್ಲರಿಗೂ ಕೊಡುತ್ತಿದ್ದರೆ, ಇದರ ಒಳಗುಟ್ಟು ಮಾತ್ರ ಹೊರಬರಲಿಲ್ಲ. ಕರ್ನಲ್ಲಿನ ಜಿಎಂಎ500 ಡ್ರೈವರ್ ಪರದೆಯ ಗಾತ್ರವನ್ನು ಸರಿಮಾಡೀತು, 3ಡಿ ವೇಗ ಕೊಡಲಾರದು. ಅದಕ್ಕಿಂತ ವಯಸ್ಸಾದ ಲ್ಯಾಪ್‌ಟಾಪ್‌ಗಳು ಇನ್ನೂ ಲವಲವಿಕೆಯಿಂದ ಓಡುತ್ತಿರುವಾಗ ಇವು ಅಟ್ಟ ಸೇರಿದ್ದು ಮುಪ್ಪಿನಿಂದಲ್ಲ. ನಮ್ಮ ಮನೆಯ ಅಟ್ಟದಲ್ಲೂ ಒಂದಿದೆ. ಅದರಲ್ಲಿ ಕರಡು ತಿದ್ದಬಹುದು, ಠ ಚುಕ್ಕೆಯೂ ಕಾಣುತ್ತದೆ. ಪುಟ ಮೇಲೆ ಕೆಳಗೆ ಸರಿಸುವಾಗ ಮಾತ್ರ ತಾಳ್ಮೆ ಬೇಕು.